ಕಳ್ಳಿಹಣ್ಣಿನ ಬಣ್ಣ

ಆಗಸ್ಟ್ ೩, ಸೋಮವಾರ

ಹೆಂಡತಿ ಬೆಳಿಗ್ಗೆ ಆರರ ಬಸ್ಸಿಗೆ ಹೊರಟಳು. ಒಂಬತ್ತು ವಾರದ ಇಲಾಖಾ ತರಬೇತಿ, ಮುಗಿಸಿ ಬಂದರೆ ಬಡ್ತಿ. ಆರು ವರ್ಷ ಕಾದು ಸಿಕ್ಕಿದ ಅವಕಾಶವನ್ನು ಬೇಡ ಎನ್ನುವ ಧೈರ್ಯ ಯಾರಿಗಿದೆ? ಕೆಲಸ ಕಳೆದುಕೊಂಡು ನಾಲ್ಕು ತಿಂಗಳಿಂದ ಅತ್ತೆ ಮನೆಯ ಸೋಫಾ ಕಾಯುತ್ತಿರುವ ಗಂಡನಿಗಂತೂ ಇಲ್ಲ. ಬಸ್ಸು ಹತ್ತುವಾಗ ಒಂದೇ ಮಾತು ಹೇಳಿದಳು. "ಅಮ್ಮ ಸೊರಗ್ತಿದ್ದಾಳೆ ರೀ. ನಾನು ಬರೋದ್ರೊಳಗೆ ಒಂದ್ಸಲ ಡಾಕ್ಟರಿಗೆ ತೋರಿಸಿ. ಅಷ್ಟು ಮಾಡಿ ಸಾಕು."

ಅಷ್ಟೇ ತಾನೇ ಎಂದೆ. ಇಪ್ಪತ್ತೆರಡು ವರ್ಷ ಔಷಧಿ ಕಂಪನಿಯ ಚೀಲ ಹೊತ್ತು ಡಾಕ್ಟರುಗಳ ಬಾಗಿಲು ಕಾದವನು ನಾನು. ಯಾವ ಡಾಕ್ಟರು ಎಷ್ಟು ಗಂಟೆಗೆ ಆಕಳಿಸುತ್ತಾರೆ ಎಂಬುದೂ ಗೊತ್ತು. ಒಬ್ಬ ಮುದುಕಿಯನ್ನು ಅಲ್ಲಿಗೆ ಮುಟ್ಟಿಸುವುದೇನು ಮಹಾ?

ಮನೆಗೆ ಬಂದು ವಿಷಯ ಎತ್ತಿದೆ. ಅತ್ತೆ ಒಲೆಯ ಮುಂದೆ ಕೂತು ಕಳ್ಳಿಹಣ್ಣಿನ ಮುಳ್ಳು ಸುಡುತ್ತಿದ್ದರು. ತಲೆ ಎತ್ತಲಿಲ್ಲ. "ಅಳಿಯಂದ್ರೇ, ಡಾಕ್ಟರಮ್ಮನ ಮೊಮ್ಮಗಳಿಗೆ ನಾಯಿಕೆಮ್ಮು ಬಂದಾಗ ಅವರೇ ಇಲ್ಲಿಗೆ ಬಂದಿದ್ರು. ನಾನು ಅಲ್ಲಿಗೆ ಹೋಗಿರ್ಲಿಲ್ಲ," ಎಂದರು. ಅಲ್ಲಿಗೆ ಮಾತು ಮುಗಿಯಿತು.

ನಾನು ಬರೆಯುತ್ತಿರುವ ಈ ದಿನಚರಿ ಪುಸ್ತಕ ಡಾಕ್ಟರುಗಳಿಗೆ ಹಂಚಲು ಕಂಪನಿ ಅಚ್ಚು ಹಾಕಿಸಿದ್ದು. ಕಂಪನಿ ನನ್ನನ್ನು ಬಿಟ್ಟಿತು, ಪುಸ್ತಕದ ಪೆಟ್ಟಿಗೆಯನ್ನು ವಾಪಸ್ಸು ಕೇಳಲು ಮರೆಯಿತು. ಪ್ರತಿ ಪುಟದ ಕೆಳಗೂ ಒಂದು ಮಾತ್ರೆಯ ಹೆಸರಿದೆ. ಇವತ್ತಿನದು ಮಲಬದ್ಧತೆಯದು. ಶುಭಾರಂಭ.

ಆಗಸ್ಟ್ ೫, ಬುಧವಾರ

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಸುಳ್ಳು ಮಾಡಲೆಂದೇ ಅತ್ತೆ ಹುಟ್ಟಿರಬೇಕು. ರೈಲು ಹಳಿಯ ಪಕ್ಕ ಆಳೆತ್ತರ ಬೆಳೆದ ಪಾಪಾಸುಕಳ್ಳಿಯ ಬೇಲಿಯೇ ಅವರ ಔಷಧಾಲಯ. ಮುಂಬಾಗಿಲ ಬದಿಯ ಬೆಂಚೇ ಆಸ್ಪತ್ರೆ. ಬೆಳಿಗ್ಗೆ ಎಂಟಕ್ಕೆ ಜನ ಬಂದು ಕೂರುತ್ತಾರೆ. ನಾಯಿಕೆಮ್ಮಿಗೆ ಕಳ್ಳಿಹಣ್ಣಿನ ಪಾಕ, ಉಬ್ಬಸಕ್ಕೆ ಪಾಕ, ಉರಿಮೂತ್ರಕ್ಕೆ ಪಾಕ, ರಕ್ತ ಕಡಿಮೆಯಾದವರಿಗೂ ಪಾಕ. ಹಣ್ಣಿನ ರಸ ಕೆಂಪಗಿದೆ, ರಕ್ತ ಕೆಂಪಗಿದೆ, ಇನ್ನೇನು ಪುರಾವೆ ಬೇಕು? ನಮ್ಮ ಕಂಪನಿಯ ಅತಿ ದುರಾಸೆಯ ಕರಪತ್ರವೂ ಒಂದೇ ಮಾತ್ರೆಗೆ ಇಷ್ಟು ಗುಣ ಕಟ್ಟಿರಲಿಲ್ಲ.

ಆದರೆ ನಗುವ ಹಕ್ಕು ನನಗಿಲ್ಲ. ಹತ್ತು ವರ್ಷ ನಾನೂ ಒಂದು ಕೆಂಪು ಟಾನಿಕ್ ಮಾರಿದ್ದೇನೆ. ಅದರಲ್ಲಿ ಸಕ್ಕರೆ, ನೀರು ಮತ್ತು ಭರವಸೆ ಬಿಟ್ಟು ಹೆಚ್ಚೇನೂ ಇರಲಿಲ್ಲ.

ಇವತ್ತು ನನ್ನನ್ನೂ ದುಡಿಮೆಗೆ ಹಚ್ಚಿದರು. "ಅಳಿಯಂದ್ರೇ, ತಾವು ಸುಮ್ನೆ ಕೂತು ದಣೀತಿದ್ದೀರಿ" ಎಂದು ಕೈಗೆ ಇಕ್ಕಳ ಕೊಟ್ಟರು. ನಮ್ಮ ಅತ್ತೆ ಬೈಯುವಾಗಲೂ ಬಹುವಚನ ಬಿಡುವವರಲ್ಲ. ಬೆಳಿಗ್ಗೆ ಇಬ್ಬನಿ ಆರುವ ಮೊದಲೇ ಹೋಗಬೇಕು, ಬಿಸಿಲೇರಿದರೆ ಹಣ್ಣಿನ ಮೇಲಿನ ನವಿರು ಮುಳ್ಳು ಗಾಳಿಗೆ ಹಾರುತ್ತದೆ. ಇಕ್ಕಳದಲ್ಲಿ ಹಿಡಿದು ತಿರುವಿ ಕೀಳಬೇಕು, ಒರಟು ಚೀಲದಲ್ಲಿ ಮರಳಿನ ಜೊತೆ ಹೊರಳಾಡಿಸಬೇಕು, ಬೆಂಕಿಗೆ ತೋರಿಸಬೇಕು, ಎರಡು ತುದಿ ಕತ್ತರಿಸಿ ಸಿಪ್ಪೆ ಸೀಳಬೇಕು, ತಿರುಳನ್ನು ಬಟ್ಟೆಯಲ್ಲಿ ಹಿಂಡಿ ಬೀಜ ತೆಗೆಯಬೇಕು. ಬೀಜ ನುಂಗಿದರೆ ಇವತ್ತಿನ ಪುಟದ್ದಲ್ಲ, ಸೋಮವಾರದ ಪುಟದ ಮಾತ್ರೆ ಬೇಕಾಗುತ್ತದೆ. ಆಮೇಲೆ ಸಕ್ಕರೆ ಹಾಕಿ ಸೌಟಿಗೆ ಅಂಟುವವರೆಗೆ ಕುದಿಸಬೇಕು. ನಾನು ಮೊದಲ ಹೆಜ್ಜೆಯಲ್ಲೇ ಎಡವಿದೆ. ಇಕ್ಕಳ ಬಿಟ್ಟು ಕೈ ಹಾಕಿದೆ.

ಆಗಸ್ಟ್ ೬, ಗುರುವಾರ

ಮುಳ್ಳು ಕಣ್ಣಿಗೆ ಕಾಣುವುದಿಲ್ಲ, ಕೈ ಮುಟ್ಟಿದಲ್ಲೆಲ್ಲ ಹೋಗುತ್ತದೆ. ಎಲ್ಲೆಲ್ಲಿ ಎಂದು ಬರೆಯುವುದಿಲ್ಲ. ನಿಂತೇ ಊಟ ಮಾಡಿದೆ.

ಆಗಸ್ಟ್ ೯, ಭಾನುವಾರ

ಮಾನ ಹೋಯಿತು. ವಿವರವಾಗಿ ಬರೆದರೆ ಹಗುರಾಗಬಹುದು ಎಂದು ಬರೆಯುತ್ತಿದ್ದೇನೆ.

ನಿನ್ನೆ ಸೆಕೆಯಿತ್ತು. ಹಿಂಡಿದ ರಸ ತಣ್ಣಗಿತ್ತು. ಎರಡು ಲೋಟ ಕುಡಿದೆ, ರುಚಿಯಾಗಿತ್ತೆಂದು ಮೂರನೆಯದನ್ನೂ. ಬೆಳಿಗ್ಗೆ ಬಚ್ಚಲಿಗೆ ಹೋದರೆ ಮೂತ್ರ ಕೆಂಪು. ಮೂತ್ರಪಿಂಡದ ಕರಪತ್ರ ನನಗೆ ಕಂಠಪಾಠ, ಅದರ ಮೊದಲ ಸಾಲೇ ನೆನಪಾಯಿತು: ನೋವಿಲ್ಲದ ಕೆಂಪು ಮೂತ್ರವನ್ನು ಎಂದೂ ಕಡೆಗಣಿಸಬೇಡಿ. ಕೈಗೆ ಸಿಕ್ಕ ಖಾಲಿ ಬಾಟಲಿಯಲ್ಲಿ ಸ್ಯಾಂಪಲ್ ಹಿಡಿದು, ಎರಡು ಬೀದಿಯಾಚೆ ಡಾಕ್ಟರಮ್ಮನ ಮನೆಗೆ ಓಡಿದೆ. ಆಕೆ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, ನಿಮ್ಮತ್ತೆ ಮನೆಯಲ್ಲಿ ಹಣ್ಣಿನ ಕಾಲವೇ ಎಂದು ಕೇಳಿದರು. ನಾನು ಹೌದೆಂದೆ. ಹಾಗಾದರೆ ಮನೆಗೆ ಹೋಗಿ, ನಾಳಿದ್ದಿನ ಹೊತ್ತಿಗೆ ತಾನಾಗಿ ತಿಳಿಯಾಗುತ್ತದೆ ಎಂದರು. ಇಂಗು ತಿಂದ ಮಂಗನಂತೆ ಬಾಟಲಿ ಸಮೇತ ವಾಪಸ್ಸು ಬಂದೆ.

ಅಷ್ಟರಲ್ಲಿ ಬೀದಿಗೆಲ್ಲ ಗೊತ್ತಾಗಿತ್ತು. ಕಳ್ಳಿಹಣ್ಣು ತಿಂದರೆ ಹಾಗಾಗುತ್ತದೆಂಬುದು ಇಲ್ಲಿ ಹಾಲುಗಲ್ಲದ ಮಗುವಿಗೂ ಗೊತ್ತಂತೆ. ಮೂವತ್ತು ವರ್ಷದಿಂದ ಅತ್ತೆ ಪ್ರತಿ ಬಾಟಲಿಯ ಜೊತೆ ಒಂದು ಮಾತನ್ನೂ ಕೊಡುತ್ತಾರೆ: "ಕೆಂಪು ಕಂಡ್ರೆ ಹೆದರ್ಬೇಡಿ, ಹಣ್ಣಿನ ಬಣ್ಣ." ನನಗೆ ಮಾತ್ರ ಹೇಳಿರಲಿಲ್ಲ. ಎದುರು ಅಂಗಡಿಯ ದರ್ಜಿ ಕೆಮ್ಮು ಬರುವವರೆಗೂ ನಕ್ಕ. ಅವನ ಕೆಮ್ಮಿಗೆ ಅತ್ತೆಯದೇ ಪಾಕ ನಡೆಯುತ್ತಿದೆ. ನನಗೆ ಕೆಂಪಳಿಯ ಎಂದು ಹೆಸರಿಟ್ಟವನೂ ಅವನೇ.

ಎಲ್ಲರಿಗಿಂತ ಹೆಚ್ಚು ನಕ್ಕವರು ಅತ್ತೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಆಮೇಲೆ ಸುಸ್ತಾಗಿ ಬೆಂಚಿನ ಮೇಲೆ ಕೂತರು. ಸಂಜೆ ಹೆಂಡತಿಯ ಫೋನ್ ಬಂತು. ಅಮ್ಮನ್ನ ತೋರಿಸಿದ್ರಾ ಎಂದಳು. ಡಾಕ್ಟರಮ್ಮನನ್ನು ಇವತ್ತು ಭೇಟಿಯಾದೆ ಎಂದೆ. ಸುಳ್ಳಲ್ಲವಲ್ಲ.

ಆಗಸ್ಟ್ ೧೬, ಭಾನುವಾರ

ಈ ವಾರದ ಪ್ರಯತ್ನಗಳು ಎರಡು.

ಒಂದನೆಯದು, ನನಗೇ ಎದೆನೋವು ಎಂದು ಹೇಳಿ, ಜೊತೆಗೆ ಬನ್ನಿ ಎಂದು ಅತ್ತೆಯನ್ನು ಕರೆದೆ. ಅಲ್ಲಿಗೆ ಹೋದ ಮೇಲೆ ಬಂದದ್ದು ಬಂದಿರಿ, ನೀವೂ ತೋರಿಸಿಕೊಳ್ಳಿ ಎನ್ನುವ ಉಪಾಯ. ಅತ್ತೆ ನನ್ನ ನಾಡಿ ಹಿಡಿದು ನೋಡಿ, ನನ್ನ ಜೊತೆಗೆ ದರ್ಜಿಯನ್ನು ಕಳಿಸಿದರು. ದರ್ಜಿ ದಾರಿಯುದ್ದಕ್ಕೂ ಕೆಮ್ಮಿದ, ಮಧ್ಯೆ ಮಧ್ಯೆ ನನ್ನನ್ನು ನೋಡಿ ನಕ್ಕ. ನೀನೂ ತೋರಿಸಿಕೋ ಎಂದರೆ ನನಗೆ ಅಮ್ಮನ ಪಾಕವಿದೆ ಎಂದು ಬಾಗಿಲಿಂದಲೇ ತಿರುಗಿದ. ಡಾಕ್ಟರಮ್ಮ ನನ್ನ ಎದೆಗೆ ಸ್ಟೆತಸ್ಕೋಪ್ ಇಟ್ಟು, ಬೇಗ ಒಂದು ಕೆಲಸ ಹುಡುಕಿಕೊಳ್ಳಿ ಎಂದು ಬರೆದುಕೊಡದೆ ಬಾಯಲ್ಲೇ ಹೇಳಿದರು.

ಎರಡನೆಯದು, ಡಾಕ್ಟರಮ್ಮನನ್ನೇ ಚಹಾಕ್ಕೆ ಕರೆದೆ. ಬಂದರು. ಅತ್ತೆ ಅವರಿಗೆ ಎರಡು ಸಲ ಚಹಾ ಕೊಟ್ಟು, ಮೊಮ್ಮಗಳ ಸಮಾಚಾರ ಕೇಳಿ, ಒಂದು ಬಾಟಲಿ ಪಾಕ ಕಟ್ಟಿಕೊಟ್ಟು ಕಳಿಸಿದರು. ಡಾಕ್ಟರಮ್ಮ ಅತ್ತೆಯ ಮುಖವನ್ನು ಎರಡು ಮೂರು ಬಾರಿ ನೋಡಿದ್ದನ್ನು ನಾನು ಕಂಡೆ. ಗೇಟಿನ ಹತ್ತಿರ ನನ್ನೊಬ್ಬನಿಗೇ, ರಕ್ತ ಕಡಿಮೆಯಾದ ಹಾಗಿದೆ, ಕರೆತನ್ನಿ ಎಂದರು. ಕೆಮ್ಮಿಗೆ ಆ ಪಾಕ ಹಿತವೇ, ಅದರಲ್ಲಿ ತಪ್ಪಿಲ್ಲ, ಎಲ್ಲದಕ್ಕೂ ಅದೇ ಎನ್ನುವುದು ತಪ್ಪು ಎಂದೂ ಹೇಳಿದರು. ಬಾಟಲಿಯನ್ನು ಮಾತ್ರ ಚೀಲದಲ್ಲಿ ಭದ್ರವಾಗಿ ಇಟ್ಟುಕೊಂಡರು.

ರಕ್ತ ಕಡಿಮೆ ಎಂದು ಅತ್ತೆಗೆ ತಿಳಿಸಿದೆ. ಅದಕ್ಕೇ ತಾನೇ ಕುಡೀತಿರೋದು ಎಂದು ಲೋಟ ತೋರಿಸಿದರು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಮೂರು ಹೊತ್ತೂ ಕುಡಿಯುತ್ತಾರೆ. ರೋಗಿಗಳಿಗೆ ಚಮಚ, ತಮಗೆ ಲೋಟ. ಊರಿಗೆ ಹಂಚುವ ಮೊದಲು ತಾವು ಹೊಟ್ಟೆ ತುಂಬಿಸಿಕೊಳ್ಳುವ ವೈದ್ಯರನ್ನು ಇದೇ ಮೊದಲು ನೋಡುತ್ತಿದ್ದೇನೆ.

ಆಗಸ್ಟ್ ೨೪, ಸೋಮವಾರ

ರೈಲಿನವರು ಯಂತ್ರ ತಂದು ಹಳಿ ಪಕ್ಕದ ಬೇಲಿಯನ್ನೆಲ್ಲ ನೆಲಸಮ ಮಾಡಿದರು. ಹನ್ನೊಂದು ಗಂಟೆಯೊಳಗೆ ಮುಗಿದುಹೋಯಿತು. ಅತ್ತೆಗೆ ಸುದ್ದಿ ಹೇಳಲು ನಾನೇ ಹೋದೆ, ಸ್ವಲ್ಪ ಖುಷಿಯಿಂದಲೇ ಹೋದೆ ಎಂದು ಒಪ್ಪಿಕೊಳ್ಳುತ್ತೇನೆ. ಇನ್ನು ಬೆರಳಿಗೆ ಮುಳ್ಳಿಲ್ಲ. ಅತ್ತೆ ಬಂದು ಹಳಿಯ ಬದಿಯಲ್ಲಿ ನಿಂತರು. ಜಜ್ಜಿಹೋದ ಹಣ್ಣುಗಳಿಂದ ನೆಲವೆಲ್ಲ ಕೆಂಪಾಗಿತ್ತು. ಅವರಿಗೆ ಸಿಟ್ಟು ಬರುತ್ತದೆಂದು ನಾನು ಕಾದೆ. ಸಿಟ್ಟು ಬರಲಿಲ್ಲ, ಅವರು ಹೆದರಿದ ಹಾಗೆ ಕಂಡರು. ಒಂದು ಬೇಲಿಗೆ ಇಷ್ಟು ಹೆದರುವುದೇ?

ಮನೆಯಲ್ಲಿ ಉಳಿದದ್ದು ಎಂಟು ಬಾಟಲಿ ಪಾಕ. ಹತ್ತಿರದಲ್ಲಿ ಬೇರೆ ಕಡೆ ಕಳ್ಳಿ ಇಲ್ಲವಂತೆ.

ಅಂಚೆಯಲ್ಲಿ ಒಳ್ಳೆಯ ಸುದ್ದಿ ಬಂದಿದೆ. ಸೆಪ್ಟೆಂಬರ್ ೧೭, ಬೆಳಿಗ್ಗೆ ಹತ್ತಕ್ಕೆ ಸಂದರ್ಶನ. ದೂರದ ಶಹರದಲ್ಲಿ ವಲಯ ಮ್ಯಾನೇಜರ್ ಕೆಲಸ, ಇರಲು ಮನೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ, ಅಳಿಯನಿಗೂ ಒಂದು ಕಾಲ ಬಂತು.

ಆಗಸ್ಟ್ ೨೯, ಶನಿವಾರ

ಕೊನೆಯ ಬಾಟಲಿ ಬೇಕರಿಯವಳ ಮಗಳಿಗೆ ಹೋಯಿತು. ಎರಡು ವಾರದಿಂದ ಕೆಮ್ಮಿ ಕೆಮ್ಮಿ ವಾಂತಿ ಮಾಡುತ್ತಿದ್ದ ಮಗು, ಪಾಕ ನೆಕ್ಕಿದ ಮೇಲೆ ನಿದ್ದೆ ಮಾಡಿತಂತೆ. ಡಾಕ್ಟರಮ್ಮನ ಔಷಧಿಯೂ ಜೊತೆಗೆ ನಡೆಯಲಿ ಎಂದು ನಾನು ಹೇಳಿದೆ, ತಾಯಿ ಹೂಂ ಎಂದಳು. ಆ ಬಾಟಲಿಯನ್ನು ಕೊಡುವ ಮುನ್ನ ಅತ್ತೆ ಅದನ್ನು ಕೈಯಲ್ಲೇ ಹಿಡಿದು ತುಂಬ ಹೊತ್ತು ನಿಂತರು. ತಮಗೇ ಇಟ್ಟುಕೊಳ್ಳುತ್ತಾರೆ ಎಂದುಕೊಂಡೆ. ಕೊಟ್ಟರು.

ದೊಡ್ಡ ಪಾತ್ರೆಯನ್ನು ನಾನೇ ಉಜ್ಜಿ ತೊಳೆದು ಕವುಚಿ ಹಾಕಿದೆ. ಈ ವರ್ಷದ ವೈದ್ಯಶಾಲೆ ಬಂದ್.

ಸೆಪ್ಟೆಂಬರ್ ೪, ಶುಕ್ರವಾರ

ಬಂದ್ ಆದರೂ ಜನ ಬರುವುದು ನಿಂತಿಲ್ಲ. ಪಾಕ ಇಲ್ಲವೆಂದರೆ ಹೋಗಲಿ ಬಿಡಿ ಎಂದು ಬೆಂಚಿನ ಮೇಲೆ ಕೂತುಬಿಡುತ್ತಾರೆ. ಅತ್ತೆ ಈಗ ಹೆಚ್ಚು ಹೊತ್ತು ಮಲಗಿಯೇ ಇರುವುದರಿಂದ ನನ್ನ ಜೊತೆ ಮಾತಾಡುತ್ತಾರೆ. ಇವತ್ತು ಒಬ್ಬ ಕಾವಲುಗಾರ ಜೇಬಿನಿಂದ ನಾಲ್ಕು ಮಾತ್ರೆ ಪಟ್ಟಿ ತೆಗೆದು, ಇದರಲ್ಲಿ ಯಾವುದು ಯಾವುದಕ್ಕೆ ಎಂದು ಕೇಳಿದ. ನೋಡಿದರೆ ಎರಡು ಒಂದೇ ಮಾತ್ರೆ, ಕಂಪನಿ ಬೇರೆ. ಎರಡನ್ನೂ ನುಂಗಿ ದಿನವೂ ತಲೆ ತಿರುಗಿ ಬೀಳುತ್ತಿದ್ದನಂತೆ. ಒಂದು ಚೀಟಿ ಬರೆದು ಡಾಕ್ಟರಮ್ಮನ ಹತ್ತಿರ ಕಳಿಸಿದೆ.

ಹೀಗೆ ಐದಾರು ಜನ ಆದರು. ಹೊತ್ತು ಹೋಗುತ್ತದೆ, ಅಷ್ಟೆ. ಸಂದರ್ಶನಕ್ಕೆ ಓದಬೇಕು, ಇನ್ನೂ ಶುರು ಮಾಡಿಲ್ಲ.

ಸೆಪ್ಟೆಂಬರ್ ೮, ಮಂಗಳವಾರ

ಹೆಂಡತಿ ಹೋದಾಗಿನಿಂದ ಬಚ್ಚಲು ತೊಳೆಯುವುದು ನನ್ನ ಖಾತೆ. ಇವತ್ತು ಕಮೋಡಿನ ಅಂಚಿನಲ್ಲಿ ಕೆಂಪು. ನನ್ನದಲ್ಲ, ಆ ಮೂರು ಲೋಟದ ನಂತರ ನಾನು ಹಣ್ಣಿನ ಸಹವಾಸ ಬಿಟ್ಟಿದ್ದೇನೆ. ಎಂದರೆ ನಮ್ಮ ಅತ್ತೆ ಎಲ್ಲೋ ಒಂದು ಬಾಟಲಿ ಬಚ್ಚಿಟ್ಟಿದ್ದಾರೆ. ದರ್ಜಿ ದಿನಾ ಬಂದು, ಒಂದು ಚಮಚವಾದರೂ ಸಿಗುತ್ತದೆಯೇ ಎಂದು ಕೆಮ್ಮುತ್ತಾ ಕೇಳುತ್ತಾನೆ, ಇಲ್ಲವಪ್ಪ ಎಂದು ಅವನ ಮುಖಕ್ಕೇ ಹೇಳುತ್ತಾರೆ. ಒಳಗೆ ಕದ್ದು ಕುಡಿಯುತ್ತಿದ್ದಾರೆ. ಊರಿಗೆ ಉಪದೇಶ ಹೇಳುವವರ ಮನೆಯ ಕತೆ ಎಲ್ಲ ಕಡೆಯೂ ಒಂದೇ.

ಸೆಪ್ಟೆಂಬರ್ ೧೦, ಗುರುವಾರ

ಅತ್ತೆ ಮಲಗಿದ್ದಾಗ ಹುಡುಕಾಟ ನಡೆಸಿದೆ. ಹಿಟ್ಟಿನ ಡಬ್ಬಿ, ಒಲೆಯ ಹಿಂದೆ, ಬಟ್ಟೆಯ ಕಪಾಟು, ಮಂಚದ ಕೆಳಗೆ, ಹಳೆಯ ಚಪ್ಪಲಿಗಳ ರಟ್ಟಿನ ಪೆಟ್ಟಿಗೆ. ಮಾವನ ಫೋಟೋದ ಹಿಂದೆ ಕೂಡ ನೋಡಿದೆ. ಆಸ್ಪತ್ರೆಗೆ ನಡೆದುಕೊಂಡು ಹೋದ ಮಾವನನ್ನು ಹೆಣವಾಗಿ ಹೊತ್ತು ತಂದರು ಎಂದು ಹೆಂಡತಿ ಹೇಳಿದ್ದು ಆಗ ನೆನಪಾಯಿತು. ಬಾಟಲಿ ಎಲ್ಲೂ ಇಲ್ಲ. ಕಪಾಟಿನ ಅಡಿಯಲ್ಲಿ ಒಗೆದು ಒಗೆದು ಬಣ್ಣ ಹೋಗದ ಒಂದೆರಡು ಬಟ್ಟೆ ಸಿಕ್ಕವು, ಹಾಗೆಯೇ ಮಡಿಸಿಟ್ಟೆ. ಪಾಕ ಸೋಸಿದ ಬಟ್ಟೆ ಇರಬೇಕು.

ಇಷ್ಟು ಚೆನ್ನಾಗಿ ಬಚ್ಚಿಡುವವರನ್ನು ನಮ್ಮ ಕಂಪನಿಯ ಲೆಕ್ಕಪತ್ರ ವಿಭಾಗಕ್ಕೆ ಕಳಿಸಬೇಕಿತ್ತು.

ಸೆಪ್ಟೆಂಬರ್ ೧೧, ಶುಕ್ರವಾರ

ಬಾಟಲಿ ಇಲ್ಲ. ಬಚ್ಚಿಟ್ಟಿಲ್ಲ. ಇಲ್ಲವೇ ಇಲ್ಲ.

ಕೊನೆಯ ಪಾಕ ಮನೆಯಿಂದ ಹೋಗಿ ಹದಿಮೂರು ದಿನ. ಪಾತ್ರೆ ತೊಳೆದವನು ನಾನು. ಹಣ್ಣಿನ ಬಣ್ಣ ಎರಡು ದಿನಕ್ಕಿಂತ ನಿಲ್ಲುವುದಿಲ್ಲ, ನನ್ನ ಮೇಲೆಯೇ ಪ್ರಯೋಗ ಆಗಿದೆ. ಇವತ್ತು ಬೆಳಿಗ್ಗೆಯೂ ಕೆಂಪು ಇತ್ತು.

ಆ ಬಟ್ಟೆಗಳು ಪಾಕ ಸೋಸಿದವಲ್ಲ.

ನಾಲ್ಕು ದಿನ ನಾನು ಅದನ್ನು ನೋಡಿ ತಮಾಷೆ ಬರೆಯುತ್ತಾ ಕೂತಿದ್ದೆ. ಬೇರೆ ಯಾವ ಮನೆಯಲ್ಲಾದರೂ ಮೊದಲ ದಿನವೇ ಬೊಬ್ಬೆ ಹೊಡೆಯುತ್ತಿದ್ದರು. ಈ ಮನೆಯಲ್ಲಿ ಕೆಂಪು ಎಂದರೆ ನಗುವ ವಿಷಯ. ಮತ್ತೆ ಬಾಟಲಿ ಹಿಡಿದು ಓಡಿದರೆ ದರ್ಜಿ ಏನೆನ್ನುತ್ತಾನೆ ಎಂದು ಒಂದು ಕ್ಷಣ ಯೋಚಿಸಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತಿದೆ.

ಸೆಪ್ಟೆಂಬರ್ ೧೨, ಶನಿವಾರ

ಅತ್ತೆ ಅಂಗಳದಲ್ಲಿ ಒಣಗಿದ ಬಟ್ಟೆ ಮಡಿಸುತ್ತಿದ್ದರು. ನಾನೂ ಕೂತೆ. ಮಾತು ಹೇಗೆ ಶುರು ಮಾಡುವುದೆಂದು ಗೊತ್ತಾಗದೆ ಒಂದೇ ಟವೆಲನ್ನು ನಾಲ್ಕು ಸಲ ಮಡಿಸಿದೆ. ಅಳಿಯನಾದವನು ಅತ್ತೆಯ ಜೊತೆ ಆಡುವ ಮಾತೇ ಇದು? ಕೊನೆಗೆ ಹೇಳಿಬಿಟ್ಟೆ.

"ಅತ್ತೆ, ಬಚ್ಚಲಲ್ಲಿ ಕೆಂಪು ನೋಡ್ದೆ."

"ಹಣ್ಣಿನ ಬಣ್ಣ."

"ಹಣ್ಣು ಎಲ್ಲಿದೆ?"

ಅವರು ಕೈಯಲ್ಲಿದ್ದ ದಿಂಬಿನ ಚೀಲವನ್ನು ಮಡಿಸಿ ತೊಡೆಯ ಮೇಲೆ ಇಟ್ಟುಕೊಂಡರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಯಾವಾಗಿನಿಂದ ಎಂದು ಕೇಳಿದೆ. ಮಾರ್ಚಿಂದ ಎಂದರು. ಮಾರ್ಚಿನಲ್ಲಿ ಕಳ್ಳಿಯಲ್ಲಿ ಹಣ್ಣು ಹೋಗಲಿ, ಹೂವೂ ಇರುವುದಿಲ್ಲ ಎಂಬುದು ಈಗ ನನಗೂ ಗೊತ್ತು.

"ಹೋದ ವರ್ಷದ್ದು ಎರಡು ಬಾಟ್ಲಿ ಇತ್ತು," ಎಂದರು. "ಕೆಂಪು ಕಂಡ ದಿನಾನೇ ತೆಗೆದು ಕುಡಿಯೋಕೆ ಶುರು ಮಾಡ್ದೆ."

"ಮದ್ದು ಅಂತಲಾ?"

"ಅಲ್ಲ. ಕುಡಿದ್ರೆ ಅದು ಹಣ್ಣಿಂದೋ ನಂದೋ ಗೊತ್ತಾಗಲ್ಲ. ಗೊತ್ತಾಗದೇ ಇರ್ಲಿ ಅಂತಲೇ ಕುಡ್ದೆ. ಹಣ್ಣಿನ ಕಾಲ ಬಂದ್ಮೇಲೆ ಅನುಕೂಲ ಆಯ್ತು. ಬೇಲಿ ಹೋದ್ಮೇಲೆ ಗೊತ್ತಾಗೋಯ್ತು." ದಿಂಬಿನ ಚೀಲವನ್ನು ಮತ್ತೆ ಬಿಡಿಸಿ, "ಹೆದ್ರಿಕೆ ಆಗಿತ್ತು ಅಳಿಯಂದ್ರೇ," ಎಂದರು.

ನನಗೆ ವಿಪರೀತ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಆರು ತಿಂಗಳು, ಆರು ತಿಂಗಳು ಎಂದು ಎರಡು ಸಲ ಕೂಗಿದೆ. ಆಮೇಲೆ ನನಗೂ ಹೆದರಿಕೆ ಆಗುತ್ತಿದೆ ಎಂದೆ. ಅದು ನಿಜ. ಡಾಕ್ಟರ ಹತ್ತಿರ ನಾನೇ ಹೋದರೆ ನಾಳೆ ಬೆಂಚಿನ ಮೇಲೆ ಯಾರು ಬಂದು ಕೂರುತ್ತಾರೆ ಎಂದು ಅತ್ತೆ ಕೇಳಿದರು. ಯಾರೂ ಬರದಿದ್ದರೆ ಬೆಂಚನ್ನು ಒಳಗೆ ತಂದು ಅದರ ಮೇಲೆ ಮಲಗೋಣ ಎಂದೆ. ಅವರಿಗೆ ನಗು ಬಂತು. ಸೋಮವಾರ ಹೋಗೋಣ, ಒಳ್ಳೆ ಬಟ್ಟೆ ಇಸ್ತ್ರಿ ಆಗಿಲ್ಲ ಎಂದರು.

ಇಸ್ತ್ರಿ ಮಾಡಿಟ್ಟೆ.

ಸೆಪ್ಟೆಂಬರ್ ೧೪, ಸೋಮವಾರ

ಹೋದೆವು. ಅತ್ತೆ ಬೀದಿಯ ಮಧ್ಯದಲ್ಲೇ ತಲೆ ಎತ್ತಿ ನಡೆದರು. ದರ್ಜಿ ಅಂಗಡಿಯಿಂದ, ಏನಮ್ಮಾ ಕೆಂಪಳಿಯನ್ನ ತೋರಿಸೋಕೆ ಹೊರಟ್ರಾ ಎಂದು ಕೇಳಿದ. ನಾನು ಹೌದೆಂದೆ. ಹೆಸರು ಇಟ್ಟಾಗಿದೆ, ಒಂದು ಸಲ ಉಪಯೋಗಕ್ಕೆ ಬರಲಿ.

ಡಾಕ್ಟರಮ್ಮ ತಮ್ಮ ಮುಂದಿನ ಕುರ್ಚಿಯಲ್ಲಿ ಅತ್ತೆಯನ್ನು ನೋಡಿ ಎದ್ದು ನಿಂತರು. ಮೂತ್ರ ಪರೀಕ್ಷೆಯಾಯಿತು. ಇದು ಹಣ್ಣಲ್ಲ ಎಂದರು. ಗುರುವಾರ ದೊಡ್ಡ ಆಸ್ಪತ್ರೆಯಲ್ಲಿ ಸ್ಕ್ಯಾನ್.

ಸೆಪ್ಟೆಂಬರ್ ೧೭, ಗುರುವಾರ

ಆಸ್ಪತ್ರೆಯ ಕಾರಿಡಾರಿನಲ್ಲಿ ನಾಲ್ಕು ಗಂಟೆ ಕೂತಿದ್ದೆ. ಇಪ್ಪತ್ತೆರಡು ವರ್ಷ ಇಂಥ ಕಾರಿಡಾರುಗಳಲ್ಲಿ ಕೂತಿದ್ದೇನೆ, ಆದರೆ ಅದು ಚೀಲ ಹಿಡಿದು, ಟೈ ಕಟ್ಟಿ. ಇವತ್ತು ಮಡಿಲಲ್ಲಿ ಅತ್ತೆಯ ಚಪ್ಪಲಿ ಮತ್ತು ಕನ್ನಡಕ ಇದ್ದವು. ಪಕ್ಕದಲ್ಲಿ ಒಬ್ಬ ಎಳೆಯ ಮಾರಾಟಗಾರ ಹೊಸ ಟೈ ಕಟ್ಟಿ ಕೂತಿದ್ದ. ಒಳಗಿನ ಡಾಕ್ಟರು ಮೂರೂವರೆಗೆ ಆಕಳಿಸುತ್ತಾರೆ, ಆಗ ಒಳಗೆ ಹೋಗಬೇಡ ಎಂದು ಹೇಳಿಕೊಟ್ಟೆ. ಹತ್ತು ಗಂಟೆಗೆ, ಮತ್ತೆ ಹತ್ತೂಕಾಲಿಗೆ ಸಂದರ್ಶನವಿದ್ದ ಆ ಶಹರದಿಂದ ಫೋನ್ ಬಂತು. ಎತ್ತಲಿಲ್ಲ. ಅತ್ತೆಯನ್ನು ಯಾವಾಗ ಕರೆಯುತ್ತಾರೋ ಗೊತ್ತಿರಲಿಲ್ಲವಲ್ಲ.

ಹೊರಗೆ ಬಂದವರೇ, "ಏನಾದ್ರೂ ತಿಂದ್ಯಾ?" ಎಂದು ಕೇಳಿದರು. ತಿಂದಿರಲಿಲ್ಲ. ಕ್ಯಾಂಟೀನಿನಲ್ಲಿ ಇಬ್ಬರೂ ಒಣಗಿದ ಬ್ರೆಡ್ಡು ತಿಂದೆವು. ಇದನ್ನು ರೋಗಿಗಳಿಗೆ ಕೊಡ್ತಾರಾ ಅಥವಾ ಇದನ್ನ ತಿಂದೇ ರೋಗಿಗಳಾಗ್ತಾರಾ ಎಂದು ಅತ್ತೆ ದೊಡ್ಡ ದನಿಯಲ್ಲೇ ವಿಚಾರಿಸಿದರು.

ಎಡ ಮೂತ್ರಪಿಂಡದಲ್ಲಿ ಗಡ್ಡೆ. ದೊಡ್ಡದೇ. ಹೊರಗೆ ಹರಡಿದ ಹಾಗೆ ಕಾಣುವುದಿಲ್ಲ, ಮೂತ್ರಪಿಂಡದ ಸಮೇತ ಬೇಗ ತೆಗೆಯಬೇಕು ಎಂದು ಅಲ್ಲಿನ ಡಾಕ್ಟರು ಹೇಳಿದರು. ಇನ್ನೊಂದು ಬೇಲಿ ಇದ್ದು ಇನ್ನೂ ಆರು ತಿಂಗಳು ಕಳೆದಿದ್ದರೆ ಏನಾಗುತ್ತಿತ್ತು ಎಂದು ನಾನು ಕೇಳಲಿಲ್ಲ.

ಸೆಪ್ಟೆಂಬರ್ ೨೦, ಭಾನುವಾರ

ಮಗಳಿಗೆ ತರಬೇತಿ ಮುಗಿಯುವವರೆಗೆ ಹೇಳಬೇಡ ಎಂದು ಅತ್ತೆ ಹಟ ಹಿಡಿದರು. ನಾನು ಹೇಳಿದೆ. ಏಳು ವಾರದಿಂದ ಚೆನ್ನಾಗಿದ್ದಾರೆ ಎಂದು ಸುಳ್ಳು ಹೇಳಿದ್ದನ್ನೂ ಹೇಳಿದೆ. ಹೆಂಡತಿ ಅತ್ತಳು, ಬೈದಳು, ಮತ್ತೆ ಅತ್ತಳು. ಆಪರೇಷನ್ನಿಗೆ ರಜೆ ಹಾಕಿ ಬರುತ್ತಾಳೆ. ಫೋನ್ ಇಟ್ಟ ಮೇಲೆ ಅತ್ತೆ ಎರಡು ಗಂಟೆ ನನ್ನ ಜೊತೆ ಮಾತು ಬಿಟ್ಟರು. ಆಮೇಲೆ ಚಹಾ ಬೇಕಿತ್ತು, ಮಾತಾಡಿದರು.

ಸೆಪ್ಟೆಂಬರ್ ೨೮, ಸೋಮವಾರ

ಎಂಟೂವರೆಗೆ ಒಳಗೆ ಕರೆದುಕೊಂಡು ಹೋದರು. ಹನ್ನೆರಡಾದರೂ ಸುದ್ದಿಯಿಲ್ಲ. ಹೆಂಡತಿ ಪಕ್ಕದಲ್ಲಿ ಕೂತಿದ್ದಾಳೆ. ಬರೆಯಲು ಏನೂ ತೋಚುತ್ತಿಲ್ಲ, ಸುಮ್ಮನೆ ಕೈಗೆ ಕೆಲಸ ಇರಲೆಂದು ಬರೆಯುತ್ತಿದ್ದೇನೆ.

ಒಂದು ಗಂಟೆ ಹತ್ತು ನಿಮಿಷ. ಬದುಕಿದ್ದಾರೆ. ಎಲ್ಲ ತೆಗೆದಿದ್ದಾರಂತೆ.

ಅಕ್ಟೋಬರ್ ೧೨, ಸೋಮವಾರ

ಹೆಂಡತಿ ನಾಲ್ಕು ದಿನ ಇದ್ದಳು. ತರಬೇತಿಯ ಕೊನೆಯ ಪರೀಕ್ಷೆ ತಪ್ಪಿಸಿದರೆ ಹೊಲಿಗೆ ಕಿತ್ತುಕೊಂಡು ಮನೆಗೆ ನಡೆದು ಬರುತ್ತೇನೆ ಎಂದು ಅತ್ತೆ ಹೆದರಿಸಿದ್ದಕ್ಕೆ ಹೋಗಿ ಮುಗಿಸಿಕೊಂಡು, ಮೊನ್ನೆ ಪೂರ್ತಿಯಾಗಿ ಬಂದಳು. ಅತ್ತೆ ಮನೆಗೆ ಬಂದು ಒಂದು ವಾರ. ಮುಂದಿನ ಕೋಣೆಯ ಕಿಟಕಿಯ ಪಕ್ಕ ಮಂಚ ಹಾಕಿದ್ದೇವೆ. ಕೆಮ್ಮಬೇಕಾದಾಗ ಹೊಟ್ಟೆಗೆ ದಿಂಬು ಒತ್ತಿ ಹಿಡಿದುಕೊಳ್ಳಬೇಕು, ಕೆಮ್ಮುವ ಮೊದಲು "ದಿಂಬು" ಎಂದು ಆಜ್ಞೆಯಾಗುತ್ತದೆ, ನಾನು ಕೊಡಬೇಕು. ಬೆಂಚಿಗೆ ಜನ ಬರುವುದು ಹೆಚ್ಚಾಗಿದೆಯೇ ಹೊರತು ಕಡಿಮೆಯಾಗಿಲ್ಲ. ಎಲ್ಲರಿಗೂ ಹೊಲಿಗೆ ನೋಡಬೇಕಂತೆ. ಸಂದರ್ಶನಕ್ಕೆ ಕರೆದ ಕಂಪನಿಯವರು ಇನ್ನೊಂದು ತಾರೀಖು ಕೊಡುತ್ತೇವೆಂದು ಬರೆದಿದ್ದಾರೆ, ಉತ್ತರ ಬರೆಯಬೇಕು. ಈ ವಾರ ಬೆಂಚಿನವರದೇ ಹನ್ನೊಂದು ಚೀಟಿ ಬರೆಯುವುದಿತ್ತು.

ಸಂಜೆ ನಾಲ್ಕೂವರೆಗೆ ದರ್ಜಿ ಬಂದ. ಒಂದು ಚಮಚ ಪಾಕ ಎಂದು ಮತ್ತೆ ಕೇಳಿದ. ಬೇಲಿ ಮತ್ತೆ ಚಿಗುರಿದರೆ ಬರುವ ಜುಲೈಗೆ ಎಂದೆ. ನಗಲು ಹೋಗಿ ಕೆಮ್ಮಿದ, ಕರವಸ್ತ್ರ ಬಾಯಿಗೆ ಒತ್ತಿಕೊಂಡ, ಮಡಿಸಿ ಬೇಗ ಜೇಬಿಗಿಟ್ಟ. ಅಂಗಿ ಅವನ ಮೈಮೇಲೆ ಮೊಳೆಗೆ ನೇತುಹಾಕಿದ ಹಾಗಿತ್ತು. ತನ್ನ ಅಳತೆಗೆ ತಾನೇ ಹೊಲಿದುಕೊಂಡ ಅಂಗಿ ಅದು. ಅತ್ತೆ ಕಿಟಕಿಯಿಂದ ನೋಡುತ್ತಿದ್ದರು. ಒಳಗೆ ಕರೆದು, ಮುಂದೆ ಕೂರಿಸಿಕೊಂಡು ಕೇಳಿದರು.

"ಎಷ್ಟು ತಿಂಗಳಾಯ್ತು ಈ ಕೆಮ್ಮಿಗೆ?"

"ಐದು ಆಯ್ತಮ್ಮಾ."

"ಕಫದಲ್ಲಿ ಕೆಂಪು ಇದ್ಯಾ?"

ಅವನು ನನ್ನ ಮುಖ ನೋಡಿದ. ನಾನು ನಗಲಿಲ್ಲ. "ಇದೆ," ಎಂದ. "ನಿಮ್ಮ ಪಾಕದ ಬಣ್ಣ ಅಂತ ಸುಮ್ನಿದ್ದೆ. ನೀವೇ ಹೇಳಿದ್ರಲ್ಲ."

"ಪಾಕ ಮುಗಿದು ಎಷ್ಟು ದಿನ ಆಯ್ತು?"

ಅವನು ಬೆರಳು ಮಡಿಸಿ ಎಣಿಸತೊಡಗಿ ಅರ್ಧಕ್ಕೇ ಬಿಟ್ಟ. ಅಳತೆಯ ಮನುಷ್ಯ, ಲೆಕ್ಕ ಅವನಿಗೂ ಗೊತ್ತಿತ್ತು. ಅತ್ತೆ ಕಣ್ಣು ಮುಚ್ಚಿದರು. ನೋವೆಂದುಕೊಂಡು ನಾನು ದಿಂಬು ಎತ್ತಿದೆ, ಬೇಡವೆಂದು ಕೈ ಮಾಡಿದರು. "ಇದನ್ನ ಇವರಿಗೆಲ್ಲ ಕಲಿಸಿದವಳು ನಾನೇ," ಎಂದು ತಮಗೇ ಹೇಳಿಕೊಂಡ ಹಾಗೆ ಹೇಳಿದರು. ಆಮೇಲೆ ಅವನ ಕಡೆ ತಿರುಗಿದರು.

"ಹೆದ್ರಿಕೆ ಆಗ್ತಿದ್ಯಾ?"

"ಆಗ್ತಿದೆಯಮ್ಮಾ."

"ಆಗ್ಲಿ. ಹೆದ್ರಕೊಂಡೇ ಹೋಗು. ನಾನೂ ಹಾಗೇ ಹೋಗಿದ್ದು. ಇವನು ಜೊತೆಗೆ ಬರ್ತಾನೆ."

ಡಾಕ್ಟರಮ್ಮ ಐದಕ್ಕೆ ಬಾಗಿಲು ಹಾಕುತ್ತಾರೆ. ಆಗಲೇ ನಾಲ್ಕೂಮುಕ್ಕಾಲು ಆಗಿತ್ತು. ಚಪ್ಪಲಿ ಮೆಟ್ಟಿಕೊಂಡು ಇಬ್ಬರೂ ಹೊರಟೆವು.